ಅಜ್ಜಿಯ ಕೈ ಬೇಕಂತೆ

ಡಿಸೆಂಬರ್ 9, ಮಂಗಳವಾರ

ಬದನೆಕಾಯಿ ಸೀಳಿ ಉಪ್ಪುನೀರಿಗೆ ಹಾಕಿದೆ. ಎಸರು ಕಾಯುವಷ್ಟರಲ್ಲಿ ನಾಲ್ಕು ಸಾಲು. ಅತ್ತೆಗೆ ಮತ್ತೆ ಮೊಣಕಾಲು ನೋವು, ಕಟ್ಟೆ ಬಿಟ್ಟು ಏಳುತ್ತಿಲ್ಲ. ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಫೋನ್ ಬಂದಿತ್ತು. ಬೆಂಗಳೂರಿನ ರೋಹಿಣಿ ಎಂಬಾಕೆ. ಫುಡ್ ಸ್ಟೈಲಿಸ್ಟ್. ಅಂದರೆ ಫೋಟೋ ತೆಗೆಯುವ ಮುಂಚೆ ಊಟಕ್ಕೆ ಸಿಂಗಾರ ಮಾಡುವ ಕೆಲಸ. ಹೀಗೂ ಒಂದು ನೌಕರಿ ಇದೆ, ನೋಡು. ಹಳ್ಳಿಮನೆಗಳ ಅಡುಗೆ ಅಂತ ದೊಡ್ಡ ಪುಸ್ತಕ ಮಾಡುತ್ತಿದ್ದಾರಂತೆ. ತಾಲೂಕಿಗೊಂದು ಮನೆ. ಕುಂದಗೋಳ ತಾಲೂಕಿಗೆ ಕುಬಿಹಾಳದ ನಮ್ಮ ಮನೆ. ಬಾಜು ಮನೆ ಮೌಲಾಬಿಯ ಮಗಳು ತಬಸುಮ್ ನನ್ನ ಎಣಗಾಯಿ ಪಲ್ಯದ ಫೋಟೋ ಅವರಿಗೆ ಕಳಿಸಿದ್ದಾಳೆ. ನನಗೆ ಒಂದು ಮಾತು ಹೇಳಿಲ್ಲ, ಕಳ್ಳಿ.

ಎಳ್ಳ ಅಮಾವಾಸ್ಯೆಗೇ ಬರುತ್ತಾರೆ. ಹೊಲದಲ್ಲಿ ಚರಗ ಚೆಲ್ಲುವುದು, ಅಂದರೆ ಭೂಮಿತಾಯಿಗೆ ಎಡೆ ಎರಚುವುದು, ಸಾಲಾಗಿ ಕೂತು ಉಣ್ಣುವುದು ಎಲ್ಲಾ ಬೇಕಂತೆ. ಫೋಟೋದ ಕೆಳಗೆ ಅಡುಗೆ ಮಾಡಿದವರ ಹೆಸರು ಹಾಕುತ್ತಾರಂತೆ.

ಹೆಸರು… ಅದನ್ನು ಕೇಳಿದ ಮೇಲೆ ಒಗ್ಗರಣೆ ಸೀದು ಹೋಯಿತು.

ಈ ಮನೆಯ ಒಲೆ ನನ್ನ ಕೈಗೆ ಬಂದು ಎಷ್ಟೋ ಕಾಲವಾಯಿತು. ಉಂಡವರು ಕೈ ತೊಳೆಯುತ್ತಾ ಹೇಳುವುದು ಮಾತ್ರ ಅದೇ — "ತಾಯವ್ವನ ಮನಿ ಊಟ ಅಂದ್ರ ಊಟ." ತಾಯವ್ವ ಅಂದರೆ ಅತ್ತೆ. ಅವರು ಕಟ್ಟೆ ಮೇಲಿಂದ "ಏನೋಪಾ, ದೇವ್ರು ನಡಸ್ಯಾನ" ಅನ್ನುತ್ತಾರೆ. ದೇವರಂತೆ. ನಾನು ಒಳಗೆ ಹೊಗೆ ಕುಡಿಯುತ್ತಿರುತ್ತೇನೆ. ಗ್ಯಾಸ್ ಇದೆ, ಆದರೂ ರೊಟ್ಟಿಗೆ ಕಟ್ಟಿಗೆ ಒಲೆಯೇ ಆಗಬೇಕು ಅವರಿಗೆ.

ಒಂದೇ ಒಂದು ಸಲ ನನ್ನ ಹೆಸರು ಬರಲಿ. ಬೇರೇನೂ ಬೇಡ.

ಡಿಸೆಂಬರ್ 14, ಭಾನುವಾರ

ವಿಡಿಯೋ ಕಾಲ್. ರೋಹಿಣಿಗೆ ಅಡುಗೆಮನೆ ತೋರಿಸಲು ಹೋದೆ, ಫೋನ್ ಕಟ್ಟೆಯ ಕಡೆ ತಿರುಗಿತು. ಕೆಲಸ ಕೆಟ್ಟಿತು.

"ಅಯ್ಯೋ, ಅಜ್ಜಿ ಎಷ್ಟು ಚೆನ್ನಾಗಿದಾರೆ. ಆ ಕೈ ನೋಡು ದಾನೀಶ್." ದಾನೀಶ್ ಅಂದರೆ ಫೋಟೋ ತೆಗೆಯುವವನು. "ಮಹಾಲಕ್ಷ್ಮಿಯವರೇ, ಅಜ್ಜಿ ರೊಟ್ಟಿ ಬಡಿಯೋದೇ ನಮ್ಮ ಮೇನ್ ಶಾಟ್. ಅಜ್ಜಿಯ ಕೈ ಬೇಕು ನಮಗೆ. ಅವರ ಹೆಸರೇನು?"

"ತಾಯವ್ವ ಅಂತ್ರಿ," ಅಂದೆ. ನನ್ನ ಬಾಯಿಂದಲೇ.

ಅಡುಗೆ ನಾ ಮಾಡೂದ್ರಿ ಅನ್ನಬೇಕಿತ್ತು. ಅತ್ತೆ ಪಕ್ಕದಲ್ಲೇ ಕೂತಿದ್ದರು, ಮುಖ ಅರಳಿತ್ತು. ಫೋನ್ ಇಟ್ಟ ಕೂಡಲೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆಸಿದರು. ಬಿಸಿಲಿಗೆ ಹಾಕಿದ್ದೂ ನಾನೇ.

ಮೌಲಾಬಿಗೆ ಹೇಳಿಕೊಂಡೆ. "ಕೈ ಅವರ್ದು, ರೊಟ್ಟಿ ನಿಂದು. ಇದೆಂಥಾ ಫೋಟೋ ಬೇ?" ಅಂದಳು. ಇಬ್ಬರೂ ನಕ್ಕೆವು. ನಾನು ಸ್ವಲ್ಪ ಕಡಿಮೆ.

ಡಿಸೆಂಬರ್ 18, ಗುರುವಾರ

ಬಂದರು. ರೋಹಿಣಿ ಸಣ್ಣ ಹುಡುಗಿ, ಚೀಲ ಮಾತ್ರ ದೊಡ್ಡದು. ಒಳಗೆ ಬ್ರಷ್ಷು, ಚಿಮುಟ, ನೀರು ಚಿಮುಕಿಸುವ ಬಾಟಲಿ. ಡಾಕ್ಟರ್ ಬಂದಿದ್ದಾರೇನೋ ಅಂದುಕೊಂಡು ಓಣಿಯ ಮಲ್ಲಮ್ಮ ಇಣುಕಿ ಹೋದಳು.

ನಾಳೆಯ ತಾಲೀಮು ಅಂತ ಇವತ್ತು ಪಲ್ಯ ಮಾಡಿಸಿದಳು. ಬದನೆಕಾಯಿ ಪೂರ್ತಿ ಬೇಯಬಾರದಂತೆ, ಬೆಂದರೆ ಆಕಾರ ಹೋಗುತ್ತದಂತೆ. ಹಸಿ ಹಸಿ ಕಾಯಿಗೆ ಬ್ರಷ್ಷಿನಿಂದ ಎಣ್ಣೆ ಹಚ್ಚಿದಳು, ಎಳ್ಳನ್ನು ಒಂದೊಂದೇ ಚಿಮುಟದಲ್ಲಿ ಕೂರಿಸಿದಳು. ಮದುಮಗಳಿಗೂ ಇಷ್ಟು ಮಾಡುವುದಿಲ್ಲ. ಆದರೆ ಕೊನೆಗೆ ನೋಡಿದರೆ… ಖರೇ ಹೇಳಬೇಕು, ನನ್ನ ಪಲ್ಯ ಅಷ್ಟು ಚಂದ ಇದೆ ಅಂತ ನನಗೇ ಗೊತ್ತಿರಲಿಲ್ಲ. ಹುಡುಗಿ ಕೆಲಸ ಬಲ್ಲವಳು.

ಅತ್ತೆ ಕೇಳಿದರು, "ಇದನ್ನ ಆಮ್ಯಾಲ ಯಾರ ಉಣ್ತೀರಿ?"

"ಯಾರೂ ತಿನ್ನಲ್ಲ ಅಜ್ಜಿ. ಬರೀ ಫೋಟೋಗೆ."

"ಉಣ್ಣಲಾರದ್ದಕ್ಕ ಯಾಕ ಮಾಡ್ತೀರಿ?"

ರೋಹಿಣಿ ಚಿಮುಟ ಒರೆಸತೊಡಗಿದಳು. ಅತ್ತೆ ಇನ್ನೊಂದು ಕಟ್ಟಳೆ ಹಾಕಿದರು. "ನಾಳಿ ಅಡಗಿ ಮೀಸಲ ಐತಿ. ಚರಗಾ ಚೆಲ್ಲೂತನಾ ಯಾರೂ ರುಚಿ ನೋಡೂ ಹಂಗಿಲ್ಲ. ಮೊದಲ ಭೂಮ್ತಾಯಿ, ಆಮ್ಯಾಲ ನಾವು. ಫೋಟೋ ಬೇಕಾದಷ್ಟು ತಗೀರಿ." ರೋಹಿಣಿ ಒಪ್ಪಿದಳು. ಎಲ್ಲ ಸಲೀಸಾಯಿತು ಅಂದುಕೊಂಡೆವು.

ಡಿಸೆಂಬರ್ 19, ಶುಕ್ರವಾರ, ಸಂಜೆ

ಇವತ್ತಿನ ದಿನ ಹೋದದ್ದು ಹೀಗೆ: ನಕ್ಕು ನಕ್ಕು ಅರ್ಧ, ಅತ್ತು ಅರ್ಧ.

ಬೆಳಿಗ್ಗೆ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು, ಅತ್ತೆ ರೋಹಿಣಿಯವರ ಕಾರಿನಲ್ಲಿ. ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಕರಿಗಡಬು, ಮೊಸರನ್ನ. ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ, ಅದರ ಮೇಲೆ ಮೌಲಾಬಿ ಕೊಟ್ಟ ಕಂಚಿನ ಗಂಗಾಳ, ಅಂದರೆ ದೊಡ್ಡ ತಾಟು, ಇಟ್ಟು, ರೋಹಿಣಿ ಸಿಂಗಾರ ಶುರುಮಾಡಿದಳು. ಬಿಸಿಲು ನೆತ್ತಿಗೆ ಬಂದರೂ ಮುಗಿಯಲಿಲ್ಲ. ಹೋಳಿಗೆ ಇತ್ತ ತಿರುಗಿಸು, ಗಡಬು ಅತ್ತ ಸರಿಸು. ಕೊನೆಗೆ ಫೋಟೋಕ್ಕೆ ಕೂರುವ ಆ ತಾಟಿಗೆ ಹೀರೋ ಪ್ಲೇಟ್ ಅಂತ ಹೆಸರು. ಹೀರೋ ತಯಾರಾದ. ಸೂರ್ಯನಿಗೆ ಮೋಡ ಅಡ್ಡ ಬಂತು. ದಾನೀಶ್ ಬ್ಯಾಟರಿ ತರಲು ಕಾರಿಗೆ ಹೋದ, ರೋಹಿಣಿ ಬೆಳಕು ತಿರುಗಿಸುವ ಬಿಳಿ ಬಟ್ಟೆ ತರಲು ಅವನ ಹಿಂದೆ.

ಅಷ್ಟರಲ್ಲಿ ಅತ್ತೆ ಕೂಗಿದರು, "ಹೊತ್ತಾತು, ಚರಗಾ ಚೆಲ್ಲಲೇ ಫಕೀರ್ಯಾ."

ಫಕೀರ್ಯಾ ಅಂದರೆ ನಮ್ಮವರು, ಫಕೀರೇಶ. ಎತ್ತಿನಂಥ ಮನುಷ್ಯ, ಹೇಳಿದ್ದು ಮಾಡುತ್ತಾರೆ. ಪ್ರತಿ ವರ್ಷ ಎಲ್ಲ ಅಡುಗೆ ಸ್ವಲ್ಪ ಸ್ವಲ್ಪ ಒಂದು ತಾಟಿಗೆ ಹಾಕಿ ಕೊಡುವವಳು ನಾನು. ಈ ವರ್ಷ ನಾನು ಅತ್ತೆಯ ರೊಟ್ಟಿ ಫೋಟೋಕ್ಕೆ ಅಂತ ಒಲೆಗೆ ಕಲ್ಲು ಹೂಡುತ್ತಿದ್ದೆ. ಅವರು ನೋಡಿದರು, ಎಲ್ಲಾ ಬಡಿಸಿದ ಒಂದು ತಾಟು, ಅದೂ ಇಷ್ಟು ಚಂದ. ಎತ್ತಿಕೊಂಡರು. ಜೋಳದ ಸಾಲಿಗೆ ಇಳಿದರು. ಹಿಂದೆ ನೀರು ಚಿಮುಕಿಸುತ್ತಾ ಮೈದುನ ಯಲ್ಲೇಶ.

ರೋಹಿಣಿ ತಿರುಗಿ ಬಂದಾಗ ಕಂಬಳಿ ಖಾಲಿ. ದೂರದಲ್ಲಿ ಹೋಳಿಗೆ ಹಾರುತ್ತಿತ್ತು.

"ಸರ್… ಸರ್, ಅದು ಹೀರೋ ಪ್ಲೇಟ್." ಬೂಟು ಹಾಕಿಕೊಂಡೇ ಜೋಳದೊಳಗೆ ಓಡಿದಳು. ನಮ್ಮವರು ತಿರುಗಿ ನೋಡಲಿಲ್ಲ. ಚರಗ ಚೆಲ್ಲುವಾಗ ನಮ್ಮಲ್ಲಿ ತಿರುಗಿ ನೋಡುವುದಿಲ್ಲ. ಹೊಲ ಸುತ್ತಿ ಬಂದು ಖಾಲಿ ಗಂಗಾಳ ಅವಳ ಕೈಗೆ ಕೊಟ್ಟರು. "ಭಾಳ ಚಂದ ಹಚ್ಚಿದ್ರಿ. ಭೂಮ್ತಾಯಿಗೆ ಅಗದಿ ಸಮಾಧಾನ ಆಗಿರತೈತಿ ನೋಡ್ರಿ."

ರೋಹಿಣಿ ಬದುವಿನ ಮೇಲೆ ಕೂತುಬಿಟ್ಟಳು. ದಾನೀಶ್ ನಗು ತಡೆಯಲಾರದೆ ಗಿಡದ ಹಿಂದೆ ಹೋದ. ನಾನು ಬುಟ್ಟಿ ನೋಡಿದೆ. ಪಲ್ಯ ಇತ್ತು, ಹೋಳಿಗೆ ಇತ್ತು. ಮತ್ತೆ ಹಚ್ಚಿದರಾಯಿತು ಅಂದೆ. ಹಚ್ಚುವಷ್ಟರಲ್ಲಿ ಬಿಸಿಲು ಹೋಗುತ್ತದೆ ಅಂದಳು. "ಇವತ್ತೊಂದೇ ದಿನ ಅಕ್ಕ. ಅಜ್ಜಿ ರೊಟ್ಟಿ ಬಡಿಯೋದಾದರೂ ತೆಗಿಯೋಣ. ಆ ಒಂದು ಫೋಟೋ ಸಾಕು."

ಅತ್ತೆ ಇಳಕಲ್ ಸೀರೆ ಸರಿಮಾಡಿಕೊಂಡು ಹಿಟ್ಟಿನ ಪರಾತದ ಮುಂದೆ ಕೂತರು. ನಾನು ಹಿಟ್ಟು ನಾದಿ ಕೊಟ್ಟು ಹಿಂದೆ ಸರಿದೆ. ಮೊದಲ ರೊಟ್ಟಿಯ ಅಂಚು ಬಿರಿಯಿತು. ಎರಡನೆಯದು ಎತ್ತುವಾಗಲೇ ಎರಡಾಯಿತು. ಮುಖ ಕೆಂಪಗಾಯಿತು ಅವರದು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಪಾಪ ಅನ್ನಿಸಿತು.

ರೋಹಿಣಿ ಉಪಾಯ ಹೇಳಿದಳು. "ಪರವಾಗಿಲ್ಲ ಅಜ್ಜಿ. ಮಹಾಲಕ್ಷ್ಮಿಯವರು ಬಡಿದಿಡ್ತಾರೆ. ನೀವು ಅದರ ಮೇಲೆ ಸುಮ್ಮನೆ ಕೈ ಇಡಿ. ಯಾರಿಗೂ ಗೊತ್ತಾಗಲ್ಲ."

ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು.

"ಒಬ್ಬರು ಬಡದಿದ್ದರ ಮ್ಯಾಲ ನಾ ಕೈ ಇಡಬೇಕೇನು?" ಬೆರಳಿಗೆ ಅಂಟಿದ ಹಿಟ್ಟು ಒರೆಸಿಕೊಂಡರು. "ನಾ ಒಲಿ ಬಿಟ್ಟು ಭಾಳ ವರ್ಷ ಆತು ತಂಗಿ. ಮಂದಿ ನನ್ನ ಹೆಸರ ಹೇಳ್ತಾರ, ನಾನೂ ಹೂಂ ಅಂತೀನಿ. ಹೊಗಳಿದ್ರ ಯಾರಿಗೆ ಬ್ಯಾಡಾಗತೈತಿ? ಆದ್ರ ಪುಸ್ತಕದಾಗ ಸುಳ್ಳ ಬ್ಯಾಡ. ಅಡಗಿ ಈಕೀದು. ಕೈನೂ ಈಕೀದ ತಗೀರಿ." ನನ್ನ ಕಡೆ ನೋಡಿದರು. "ಏ ಮಾಲಕ್ಷ್ಮಿ, ಏನ್ ನೋಡಾಕತ್ತಿ, ಕುಂದ್ರ ಬಾ. ಹಂಚ ಕಾದೈತಿ."

ಕೂತೆ. ಹಳೇ ಸೀರೆ, ಅರಿಶಿನದ ಕಲೆ. ಕೈತುಂಬಾ ಹಂಚು ತಾಗಿದ ಕಪ್ಪು ಗುರುತು. ಮುಚ್ಚಲು ಹೋದೆ. "ಬೇಡ ಅಕ್ಕ, ಹಾಗೇ ಇರಲಿ," ಅಂದಳು ರೋಹಿಣಿ. ಬಡಿದೆ. ರೊಟ್ಟಿ ಚಂದ್ರನಾಯಿತು. ಕಣ್ಣೀರು ಸುರಿಯುತ್ತಿತ್ತು. ಹೊಗೆ ಅಂತ ಹೇಳಿದೆ. ಒಲೆ ನಿಗಿ ನಿಗಿ ಉರಿಯುತ್ತಿತ್ತು, ಹೊಗೆಯೇ ಇರಲಿಲ್ಲ.

ಡಿಸೆಂಬರ್ 29, ಸೋಮವಾರ

ರೋಹಿಣಿಯ ಫೋನ್. ಆಫೀಸಿನವರಿಗೆ ಅಜ್ಜಿಯೇ ಬೇಕಂತೆ. ಇಳಕಲ್ ಸೀರೆಯಲ್ಲಿ ಸುಮ್ಮನೆ ಕೂತ ಅತ್ತೆಯ ಫೋಟೋ ಒಂದಿದೆಯಲ್ಲ, ಅದನ್ನೇ ಹಾಕಿ ತಾಯವ್ವನ ಅಡುಗೆ ಅನ್ನೋಣ ಅಂತಾರಂತೆ. "ನಾನು ಜಗಳ ಆಡ್ತಿದೀನಿ ಅಕ್ಕ. ಆದರೆ ಮಾತು ಕೊಡಲಾರೆ."

ಆಯಿತು ಅಂದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇವತ್ತಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ. ಎಲ್ಲರೂ ನನ್ನ ಮುಖ ನೋಡಿ, ಮೊಸರು ಸುರಿದುಕೊಂಡು ತಿಂದರು.

ಜನವರಿ 6, ಮಂಗಳವಾರ

ಪುಸ್ತಕದ ನಮ್ಮ ಪುಟ ಬಂತು. ವಾಟ್ಸಾಪಿನಲ್ಲಿ.

ನನ್ನ ಕೈ. ಕಪ್ಪು ಗುರುತು, ಬಳೆ, ಹಿಟ್ಟು, ಎಲ್ಲಾ ಇದೆ. ಕೆಳಗೆ, 'ಅಡುಗೆ: ಮಹಾಲಕ್ಷ್ಮಿ, ಕುಬಿಹಾಳ.' ರೋಹಿಣಿ ಜಗಳ ಗೆದ್ದಿದ್ದಾಳೆ. ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಅಚ್ಚಾಗುತ್ತಿರುವುದು ಇದೇ ಮೊದಲು. ಹಿತ್ತಲಿಗೆ ಹೋಗಿ ಒಬ್ಬಳೇ ಕುಣಿದೆ. ಎಮ್ಮೆ ನೋಡಿತು, ನೋಡಲಿ.

ಅತ್ತೆಗೆ ಓದಲು ಬರುವುದಿಲ್ಲ. ಓದಿ ಹೇಳಿದೆ. "ಇನ್ನೊಮ್ಮೆ ಓದು" ಅಂದರು. ಓದಿದೆ. ಫೋನನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಂದ ಎಲ್ಲೂ ಇಲ್ಲೇನು?"

"ಇಲ್ರಿ ಅತ್ತಿ."

"ಇರ್ಲಿ ಬಿಡು. ನಾನ ಹೇಳಿದ್ನಲ್ಲ." ಫೋನ್ ಕೊಟ್ಟು ಕಟ್ಟೆಗೆ ಹೋದರು. ಮಲ್ಲಮ್ಮ ದಾರಿಯಲ್ಲಿ ಹೋಗುತ್ತಿದ್ದಳು. ಕರೆದು ಹೇಳುವುದು ಕೇಳಿಸಿತು, "ನಮ್ಮ ಸೊಸಿ ಹೆಸರ ಪುಸ್ತಕದಾಗ ಬಂದೈತಿ ಬೇ." ದನಿ ದೊಡ್ಡದಾಗೇ ಇತ್ತು. ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದ ನನಗೆ ಮಾತ್ರ ಸಂಕಟವಾಯಿತು.

ಈ ಮನೆಗೆ ಬಂದಾಗ ನನ್ನ ರೊಟ್ಟಿಯೂ ಎರಡಾಗುತ್ತಿತ್ತು. ಅತ್ತೆ ಮಗ್ಗುಲಲ್ಲಿ ಕೂತು, ಕೈ ಹಿಡಿದು, ಬೈದು ಬೈದು ಬಡಿಯಲು ಕಲಿಸಿದರು. ಆ ಬೈಗುಳ ಯಾವ ಪುಸ್ತಕಕ್ಕೂ ಆಗುವಂಥದ್ದಲ್ಲ.

ಈಗ ರೋಹಿಣಿಗೆ ಬರೆದೆ. ಜಾಗ ಇದ್ದರೆ ಇನ್ನೊಂದು ಸಾಲು ಹಾಕ್ರಿ, 'ಕಲಿಸಿದವರು: ತಾಯವ್ವ.' ಜಾಗ ಇಲ್ಲದಿದ್ದರೆ ನನ್ನ ಹೆಸರಿನ ಅಕ್ಷರ ಸಣ್ಣ ಮಾಡ್ರಿ, ಆದರೆ ಹಾಕ್ರಿ. ಕಳಿಸಿಬಿಟ್ಟೆ. ನೋಡಿದಳು, ನೀಲಿ ಗೆರೆ ಬಂತು. ಉತ್ತರ ಬರೆಯುತ್ತಿದ್ದಾಳೆ… ನಿಲ್ಲಿಸಿದಳು… ಮತ್ತೆ ಬರೆಯುತ್ತಿದ್ದಾಳೆ —