ಕಡಿಮೆ ಎಂದು ಬರೆದ ಪದ

೧೪ ಆಗಸ್ಟ್ ೨೦೨೫, ಗುರುವಾರ

ಒಂದೇ ಪದ ಬೆಳಗಿನಿಂದ ಕಾಡುತ್ತಿದೆ.

ದೀಕ್ಷಕ್ಕನ ಪ್ರಯೋಗಾಲಯದ ಲೇಖನವನ್ನು ಕನ್ನಡಕ್ಕೆ ತಂದವಳು ನಾನೇ. ಕರುಳಿನ ಒಳಗೋಡೆಯನ್ನು ಕಾಯುವ ಲೋಳೆಯ ಪ್ರೋಟೀನ್ ಅದರ ವಿಷಯ. ಅದರ ಮಡಿಕೆಗಳನ್ನು ಗಂಧಕದ ಕೊಂಡಿಗಳು ಹಿಡಿದಿರುತ್ತವೆ. ಎಲೆಕ್ಟ್ರಾನ್ ಸಿಕ್ಕರೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಆ ಸ್ಥಿತಿಗೆ ಇಂಗ್ಲಿಷಿನಲ್ಲಿ ‘ರೆಡ್ಯೂಸ್ಡ್’ ಎಂದಿತ್ತು. ರಸಾಯನಶಾಸ್ತ್ರದಲ್ಲಿ ಅದು ‘ಅಪಕರ್ಷಣಗೊಂಡ’, ಅಂದರೆ ಎಲೆಕ್ಟ್ರಾನ್ ಪಡೆದ ಎಂದರ್ಥ; ನಾನು ‘ಕಡಿಮೆಯಾದ’ ಎಂದು ಬರೆದೆ.

ಅಕ್ಕ ಫೋನಿನಲ್ಲಿ ನಕ್ಕಳು. “ಎಂತ ಮಾರಾಯ್ತಿ, ಎಲೆಕ್ಟ್ರಾನ್ ಸಿಕ್ಕಿದ್ದಕ್ಕೆ ಕಡ್ಮಿ ಅಂಬುದಾ?”

ನನಗೆ ನಗು ಬರಲಿಲ್ಲ. ಕರುಳಿನ ಹುಣ್ಣಿನಿಂದ ನರಳುವ ಚಂದ್ರಮತಿ ಅತ್ತೆಗೆ ಕಳೆದ ತಿಂಗಳು ಆ ಅನುವಾದವನ್ನು ಓದಿ ಹೇಳಿ, “ನಿಮ್ಮ ಕರುಳಿಗೂ ಕಾವಲು ಕಡಿಮೆ ಇರಬಹುದು” ಎಂದು ಸೇರಿಸಿದ್ದೆ. ಅಂದಿನಿಂದ ಅವರು ಗಂಜಿ ತಿಳಿ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ.

ಸಂಜೆ ಕೋಡಿಯಲ್ಲಿರುವ ಅತ್ತೆಯ ಮನೆಗೆ ಹೋಗಿ ಹೇಳಿದೆ. “ಅತ್ತೆ, ನಾನ್ ಬರ್ದದ್ದೇ ತಪ್ಪ್. ಪ್ರೋಟೀನ್ ಕಡ್ಮಿ ಆಯ್ಲಿಲ್ಲ.”

“ಸುಳ್ಳ್ ಹೇಳಿ ಸಮಾಧಾನ ಮಾಡುದ್ ಬ್ಯಾಡ ಹೆಣೆ. ಓದಿದವ್ಳ್ ನೀ, ತಪ್ಪ್ ಬರೀತ್ಯಾ?”

ನಾಳೆ ಅಕ್ಕನಿಂದಲೇ ಹೇಳಿಸಬೇಕು. ಅತ್ತೆ ಗಂಜಿ ತಿಳಿಯ ಲೋಟ ಎತ್ತಿದಾಗ ಸೊರಗಿದ ಕೈಯ ಬಳೆಗಳು ಮೊಣಕೈವರೆಗೆ ಜಾರಿದವು. ನಾನು ನೋಡಿದ್ದು ತಿಳಿದು, ಅತ್ತೆ ಕೈಯ ಮೇಲೆ ಸೆರಗು ಎಳೆದುಕೊಂಡರು.