ಕಾಶ್ಮೀರಕ್ಕೆ ಹೋಗದ ನಾವಿಬ್ಬರು

ವರ್ತಕ ನಗರ, ಠಾಣೆ
ಜುಲೈ 2017

ರತ್ನಾವತಿ ಅಕ್ಕನವರಿಗೆ,

ನೀವು ತೀರಿಕೊಂಡ ಮೂರು ವರ್ಷಕ್ಕೆ ನಿಮ್ಮ ಗಂಡನನ್ನು ಮದುವೆಯಾಗಿ ಈ ಮನೆಗೆ ಬಂದವಳು ನಾನು. ಕಾಶ್ಮೀರದ ದೋಣಿಯಲ್ಲಿ ನೀವಿಬ್ಬರೂ ನಗುತ್ತಾ ಕುಳಿತ ಫೋಟೋ ಇನ್ನೂ ಹಾಲ್‌ನಲ್ಲೇ ಇದೆ. ದಿನಾ ಒರೆಸುವವಳು ನಾನೇ.

ಮುಂದಿನ ತಿಂಗಳು ನಾವೂ ಅಲ್ಲಿಗೆ ಹೊರಟಿದ್ದೆವು. ಮೊನ್ನೆ ಯಾತ್ರಿಕರ ಬಸ್ಸಿನ ಮೇಲೆ ಉಗ್ರರು ಗುಂಡು ಹಾರಿಸಿದ ಸುದ್ದಿ ಬಂತು. ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತಾ ಇವರು, "ಟಿಕೆಟ್ ಕ್ಯಾನ್ಸಲ್ ಮಾಡುವ ಮಾರಾಯ್ತಿ," ಎಂದರು.

"ನೀವು ಅಕ್ಕನನ್ನು ಕರ್ಕೊಂಡು ಹೋದ ವರ್ಷವೂ ಅಲ್ಲಿ ಬಾಂಬ್ ಸಿಡಿದಿತ್ತಲ್ಲ? ಆಗ ಹೋಗಿದ್ದಿರಿ," ಎಂದೆ. ನನ್ನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು, ಒಪ್ಪಿಕೊಳ್ಳುತ್ತೇನೆ.

ಇವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, "ಹೆಂಡತಿ ಸಾಯುವುದು ಅಂದ್ರೆ ಏನೂಂತ ಆಗ ನಂಗೆ ಗೊತ್ತಿರ್ಲಿಲ್ಲ," ಎಂದರು.

ನಾನು ಏಜೆಂಟರಿಗೆ ಫೋನ್ ಮಾಡಿ, ಹೆದರಿಕೆ ನನಗೇ ಎಂದು ಹೇಳಿ ಟಿಕೆಟ್ ರದ್ದು ಮಾಡಿಸಿದೆ. ಇವರಿಗೆ ನನ್ನ ಮೇಲೆ ಪ್ರೀತಿಯಿದೆ, ಅದು ನನಗೆ ಗೊತ್ತು. ಆದರೆ ಯಾವ ಸುದ್ದಿಗೂ ಹೆದರದೆ ನಿಮ್ಮ ಜೊತೆ ಹೊರಟುಬಿಟ್ಟ ಆ ಮನುಷ್ಯನನ್ನು ನಾನು ಒಂದು ದಿನವೂ ನೋಡಲಿಲ್ಲ, ಅಕ್ಕ. ಅವರನ್ನು ನೀವೇ ಕರೆದುಕೊಂಡು ಹೋದಿರಿ.