ಮದರ್ ಕುರಿಯ ತಲೆ ಬಿಡಲಿಲ್ಲ

ಕಿರುಗಾವಲು
ಗುರುವಾರ, ೧೪-೧೧-೨೦೨೪

ಕುರಿಗಳ ನಡುವೆ ಕೂತೇ ಈ ಕಾಗದ ಓದುವ ನನ್ನ ಅಪ್ಪನಿಗೆ,

ಕುರಿ ಕೊಟ್ಟಿಗೆಯ ಕೆಲಸ ಖಾಯಂ ಆಯಿತು ಅಪ್ಪ! ಇಲ್ಲಿ ಫೋನು ಕೈಗೆ ಸಿಗುವುದು ಭಾನುವಾರ ಮಾತ್ರ. ಅಲ್ಲಿಯವರೆಗೆ ತಡೆದುಕೊಳ್ಳಲು ನನ್ನಿಂದಾಗದು. ಅದಕ್ಕೇ ಹುಲ್ಲು ತರುವ ಶಿವಣ್ಣನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಈ ಸನ್ಯಾಸಿನಿಯರ ಮಠದ ಬಾಗಿಲ ಮೇಲೆ ‘ಓರಾ ಎತ್ ಲಬೋರಾ’ ಎಂದು ಬರೆದಿದೆ. ಲ್ಯಾಟಿನ್ ಭಾಷೆಯಂತೆ. ಪ್ರಾರ್ಥನೆ ಮಾಡು, ಕೆಲಸ ಮಾಡು ಎಂದರ್ಥ. ಗಂಟೆ ಹೊಡೆದರೆ ಮುಗಿಯಿತು, ಕಲಸುತ್ತಿದ್ದ ಹಿಟ್ಟನ್ನೂ ಅಲ್ಲೇ ಬಿಟ್ಟು ಸಿಸ್ಟರುಗಳೆಲ್ಲ ಪ್ರಾರ್ಥನೆಗೆ ಹೊರಡಬೇಕು. ಮಠದ ಹಿರಿಯರಾದ ಮದರ್ ಆಗ್ನೆಸ್ ಅಂತೂ ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವರಲ್ಲ.

ನಿನ್ನೆಗೆ ನನ್ನ ಪರೀಕ್ಷೆಯ ಮೂರು ತಿಂಗಳು ಮುಗಿಯಿತು. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಗೊತ್ತಿರಲಿಲ್ಲ. ಮದರ್ ಕೊಟ್ಟಿಗೆ ನೋಡಲು ಬಂದ ಹೊತ್ತಿಗೇ ಬಂಡೂರು ಕುರಿಗೆ ನೋವು ಶುರುವಾಗಿ, ಮರಿ ಅರ್ಧಕ್ಕೇ ನಿಂತುಬಿಟ್ಟಿತು. ಒಂದು ಮುಂಗಾಲು ಒಳಗೇ ಹಿಂದಕ್ಕೆ ಮಡಚಿಕೊಂಡಿತ್ತು. ನಾನು ಹರಳೆಣ್ಣೆ ಸವರಿ ಕೈ ಹಾಕಿದೆ, ಮದರ್ ಕುರಿಯ ತಲೆ ಹಿಡಿದರು. ಅಷ್ಟರಲ್ಲಿ ಹನ್ನೆರಡರ ಗಂಟೆ! ಅವರು ಏಳಲು ಹೊರಟರು. ನನಗೆ ತಲೆ ಕೆಟ್ಟಿತು. “ಎಲ್ಲಿಗ್ ಓಯ್ತೀಯವ್ವ? ಪ್ರಾರ್ಥ್ನೆ ಇಲ್ಲೇ ಮಾಡು, ತಲೆ ಬುಡಬ್ಯಾಡ!” ಎಂದು ಕೂಗಿಬಿಟ್ಟೆ. ಮದರಿಗೇ ಏಕವಚನ!

ಕೆಲಸ ಹೋಯಿತು ಎಂದುಕೊಂಡೆ. ಅವರು ಮತ್ತೆ ಮಂಡಿಯೂರಿದರು. ಕುರಿಯ ಕಿವಿಯ ಹತ್ತಿರವೇ ಇಡೀ ಪ್ರಾರ್ಥನೆ ಹೇಳಿ ಮುಗಿಸಿದರು. ಅಷ್ಟರಲ್ಲಿ ಮರಿಯ ಕಾಲು ನೆಟ್ಟಗಾಯಿತು, ಕುರಿ ತಿಣುಕಿದಾಗ ಎಳೆದೆ. ಹೆಣ್ಣು ಮರಿ ಅಪ್ಪ! ಬಿದ್ದ ಕೂಡಲೇ ಸೀನಿತು!

ಮದರ್ ಬಹಳ ಹೊತ್ತು ಮರಿ ಒರೆಸುತ್ತಾ ಕೂತಿದ್ದರು. ಆಮೇಲೆ ಕೊಟ್ಟಿಗೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಇನ್ನು ಇದು ನಿನ್ನದು ಎಂದರು. ಸಂತೋಷಕ್ಕೆ ಅತ್ತುಬಿಟ್ಟೆ. ಅವ್ವನಿಗೂ ಓದಿ ಹೇಳು.

ನಿನ್ನ ಮಗಳು,
ಪ್ರಿಯಾಂಕ

ಮರೆತ ಮಾತು: ಮರೆತದ್ದಲ್ಲ, ಧೈರ್ಯ ಬರಲಿಲ್ಲ. ಕುರಿ ಈಯಿಸುವುದನ್ನು ಅಪ್ಪ ಕಲಿಸಿದ್ದಾನೆ ಎಂದು ಮೊದಲ ದಿನವೇ ಇಲ್ಲಿ ಸುಳ್ಳು ಹೇಳಿದ್ದೆ. ಹೆಣ್ಣುಮಕ್ಕಳು ಅದನ್ನೆಲ್ಲ ನೋಡಬಾರದೆಂದು ನೀನು ಕೊಟ್ಟಿಗೆಯ ಬಾಗಿಲು ಹಾಕುತ್ತಿದ್ದೆ. ನಾನು ತಡಿಕೆ ಗೋಡೆಯ ಸಂದಿಯಿಂದ ನೋಡಿ ಕಲಿತೆ. ಕೈ ಹಾಕಿದ್ದು ನಿನ್ನೆಯೇ ಮೊದಲು. ಭಾನುವಾರ ಮದರ್ ಎರಡು ಕುರಿ ಕೊಳ್ಳಲು ನಮ್ಮ ಬಂಡೂರಿಗೇ ಬರುತ್ತಾರೆ, ಕಲಿಸಿದ ಅಪ್ಪನನ್ನು ನೋಡಬೇಕಂತೆ. ಸುಳ್ಳು ಹೇಳಲು ನಿನಗೆ ಮನಸ್ಸಾಗುವುದಿಲ್ಲ, ಗೊತ್ತು. ಶನಿವಾರವೇ ಬರುತ್ತೇನೆ ಅಪ್ಪ. ಬಾಗಿಲು ತೆರೆದಿಟ್ಟು ಒಂದು ದಿನ ಕಲಿಸಿಬಿಡು.